ನಾನು ಕ್ಷಮಿಸಿದ ಮನುಷ್ಯ

ಕೋಳಿ ಏದುಸಿರು ಬಿಟ್ಟರೆ ಅವರ ಬಾಯಿಯೂ ತೆರೆದುಕೊಳ್ಳುತ್ತಿತ್ತು. ಇದು ಅವರಿಗೆ ಗೊತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ನಮ್ಮ ಶೆಡ್ಡಿಗೆ ಬಂದು ಕೈಕಟ್ಟಿ ನಿಂತರೆಂದರೆ, ಕೊಕ್ಕು ಬಿಚ್ಚಿ ರೆಕ್ಕೆ ಅಗಲಿಸಿ ಗಂಟಲು ಕುಣಿಸುತ್ತಿದ್ದ ಕೋಳಿಗಳನ್ನು ನೋಡುತ್ತ ನೋಡುತ್ತ ಅವರ ಕೆಳದುಟಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೂ ಹಾಗೇ ಉಸಿರಾಡುತ್ತಿದ್ದರು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಅಣ್ಣಾವ್ರಿಗೂ ಒಂದು ಎಳ್ನೀರು ಕೆತ್ತಿ ಕೊಡಿ. ಅವ್ರಿಗೂ ಸೆಕೆ ಅತ್ಗಂಡದೆ" ಎನ್ನುತ್ತಿದ್ದಳು.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರ ಮಗಳನ್ನು ಕೇಳಿದೆ. "ಅಪ್ಪನ ಹೆಸರು ಆ ವಿಷಯದ ಜೊತೆ ಇನ್ನೊಂದು ಸಲ ಸೇರೋದು ಬೇಡ. ಬೇಕಾದ್ರೆ ಅಪ್ಪ ಹೇಗಿದ್ರು ಅಂತ ಬರೀರಿ" ಎಂದಳು. ಆದ್ದರಿಂದ ಹೇಗಿದ್ದರು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಅದನ್ನು ಬರೆಯಬೇಕಾದರೆ ನಾನು ಹೇಗಿದ್ದೆ ಎಂಬುದನ್ನೂ ಬರೆಯದೆ ಆಗುವುದಿಲ್ಲ.

ಚನ್ನರಾಯಪಟ್ಟಣದ ಪೇಟೆಯಲ್ಲಿ ಅವರದು ಹಿಂಡಿ, ಬೂಸಾ ಮಾರುವ ಅಂಗಡಿ. ಜೈನರು. ಅವರ ತಂದೆಯ ಕಾಲದಿಂದ ದನದ ಮೇವಿನ ವ್ಯಾಪಾರ. ನಮ್ಮ ಹಿರೀಸಾವೆ ಕಡೆ ಒಬ್ಬೊಬ್ಬರೇ ಮೊಟ್ಟೆ ಕೋಳಿಯ ಫಾರಂ ಮಾಡತೊಡಗಿದಾಗ, ಹಳೆಯ ಗಿರಾಕಿಗಳೇ ಬಂದು ಮೆಕ್ಕೆಜೋಳ, ಸೋಯಾ ಹಿಂಡಿ, ಚಿಪ್ಪಿನ ಪುಡಿ ಕೇಳಿದರು. ಕೊಟ್ಟರು. ಆಮೇಲೆ ಕೋಳಿಗೆ ಬೇಕಾದ ವಿಟಮಿನ್ ಪುಡಿಗಳನ್ನೂ ತರಿಸಿದರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ, ಗೆಡ್ಡೆ ಗೆಣಸು ಕೂಡ ತಿನ್ನದ ಮನುಷ್ಯ ಮೊಟ್ಟೆಯವರ ನಡುವೆ ಓಡಾಡುವುದು ನಮಗೆಲ್ಲ ತಮಾಷೆ. ಹಿರೀಸಾವೆಯ ಹೋಟೆಲಿನಲ್ಲಿ ಸಿಮೆಂಟಿನ ಅಂಗಡಿಯವನೊಬ್ಬ ಅವರನ್ನು ಕೆಣಕುತ್ತಿದ್ದ.

"ಸಾವ್ಕಾರ್ರೆ, ಒಂದು ಆಫ್ ಬಾಯ್ಲ್ ತಿಂದು ನೋಡಿ. ನಿಮ್ ಪುಡಿ ಕೆಲ್ಸ ಮಾಡದೋ ಇಲ್ವೋ ಗೊತ್ತಾಯ್ತದೆ."

"ನೀನು ಸಿಮೆಂಟ್ ಮಾರ್ತೀಯಲ್ಲಪ್ಪ, ದಿನಾ ತಿಂದು ನೋಡೇ ಮಾರ್ತೀಯ?"

ಹೋಟೆಲು ಪೂರ್ತಿ ನಗುತ್ತಿತ್ತು. ಅವರು ನಗುತ್ತಿರಲಿಲ್ಲ. ಮನೆಯಿಂದ ತಂದ ಕಾದಾರಿದ ನೀರನ್ನು ಬಾಟಲಿಯಿಂದ ಕುಡಿದು ಬಸ್ಸಿಗೆ ಎದ್ದು ಹೋಗುತ್ತಿದ್ದರು.

ಅವರ ಕಡೆಯ ಹಿರಿಯರಿಗೂ ಇದು ಹಿಡಿಸಿರಲಿಲ್ಲವಂತೆ. ಒಂದು ಸಲ ನಾನೇ ಕೇಳಿದೆ, "ನಿಮ್ಮೋರು ಏನೂ ಅನ್ನಕಿಲ್ವ?" ಎಂದು.

"ಅಂತಾರೆ. ನಾನು ಹೇಳ್ದೆ, ಕೋಳಿ ಸಾಕೋದು ನನ್ನ ಕೈಲಿಲ್ಲ. ನಾನು ಬೇಡ ಅಂದ್ರೂ ಗೌಡ್ರು ಸಾಕ್ತಾರೆ. ಸಾಕಿದ ಮೇಲೆ ಅದು ಇರೋ ತನಕ ಉಸಿರಾಡ್ಕೊಂಡಾದ್ರೂ ಇರ್ಲಿ. ಅಷ್ಟೇ ನನ್ನ ವ್ಯಾಪಾರ ಅಂತ."

ಸೆಕೆಯಲ್ಲಿ ಕೋಳಿಗೆ ಏನಾಗುತ್ತದೆಂದು ನಮಗೆ ತಿಳಿಸಿದವರು ಅವರು. ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಟ್ರೇಯಲ್ಲೇ ಬಿರುಕು ಬಿಡುತ್ತಿದ್ದುದನ್ನು ನಾವು ಮೇವಿನ ದೋಷ ಎಂದುಕೊಂಡಿದ್ದೆವು. ಅವರು ನನ್ನ ಹೆಂಡತಿಯನ್ನು ಕರೆದು ಹೇಳಿದರು, "ಅಮ್ಮ, ಬಾಳೆಕಾಯಿ ಹೆಚ್ಚಿ ಹಾಗೇ ಇಟ್ರೆ ಏನಾಗುತ್ತೆ?"

"ಕಪ್ಪಾಯ್ತದೆ."

"ಮಜ್ಜಿಗೆ ನೀರಿಗೆ ಹಾಕಿದ್ರೆ?"

"ಬೆಳ್ಳಗೇ ಇರ್ತದೆ."

"ಸೆಕೆ ಹೆಚ್ಚಾದಾಗ ಕೋಳಿ ಮೈಯೊಳಗೂ ಹಾಗೇ ಎಲ್ಲಾ ಕಪ್ಪಾಗಕ್ಕೆ ಶುರುವಾಗುತ್ತೆ. ಈ ಪುಡಿ ಮಜ್ಜಿಗೆ ನೀರಿದ್ದ ಹಾಗೆ."

ಆ ಪುಡಿಯಲ್ಲಿ ಇದ್ದದ್ದು ಕಂಪನಿಯಿಂದ ಬರುವ ಸಿ ಮತ್ತು ಇ ವಿಟಮಿನ್ನು, ಚಿಟಿಕೆಯಷ್ಟು ಸೆಲೆನಿಯಂ. ಅದಕ್ಕೆ ಅವರು ಮನೆಯಲ್ಲಿ ಒಣಗಿಸಿದ ನೆಲ್ಲಿಚಟ್ಟನ್ನು ಕುಟ್ಟಿ ಸೇರಿಸುತ್ತಿದ್ದರು. ಜೊತೆಗೆ ಒಂದಿಷ್ಟು ಕಟ್ಟಳೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಬೇಕು. ನೀರಿನ ಪೈಪು ಬಿಸಿಲಿಗೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೇವನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ ಹಾಕಬೇಕು. ನಡುವೆ ತೊಟ್ಟಿ ಖಾಲಿ ಇರಬೇಕು. ತಿಂದದ್ದನ್ನು ಅರಗಿಸುವಾಗ ಕೋಳಿಯ ಮೈ ಇನ್ನಷ್ಟು ಕಾಯುತ್ತದೆ. ಉರಿಬಿಸಿಲಲ್ಲಿ ಹೊಟ್ಟೆ ತುಂಬಿದ ಕೋಳಿಯನ್ನು ಯಾವ ಪುಡಿಯೂ ಉಳಿಸಲಾರದು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆರೆಯುವ ಮೊದಲೇ ನಾನು "ಗೊತ್ತು ಬಿಡಿ ಸಾವ್ಕಾರ್ರೆ" ಎನ್ನುತ್ತಿದ್ದೆ.

ಅವರ ಮಾತಿನಂತೆ ನಡೆದ ವರ್ಷಗಳಲ್ಲಿ ನಮ್ಮ ಕೋಳಿಗಳು ಬೇಸಿಗೆ ದಾಟಿದವು. ಹೊಳೆನರಸೀಪುರ, ಅರಕಲಗೂಡು ಕಡೆಯ ಫಾರಮ್ಮಿನವರೂ ಅವರ ಪುಡಿ ಒಯ್ಯತೊಡಗಿದರು. ಅಲ್ಲಿಗೂ ಅವರೇ ಬಸ್ಸಿನಲ್ಲಿ ಹೋಗಿ, ಕೋಳಿಯ ಮುಂದೆ ನಿಂತು, ನೋಡಿ ಬರುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಗಣಪತಿ ಹಬ್ಬ ಕಳೆದ ಮೇಲೆ ಜೈನರ ಹತ್ತು ದಿನದ ಪರ್ವ ಮುಗಿಯುತ್ತದೆ. ಅದು ಮುಗಿದ ಮೇಲೆ ಅವರು ಕಂಡವರಲ್ಲೆಲ್ಲ ಕ್ಷಮೆ ಕೇಳುತ್ತಾರೆ. ಇವರು ತಮ್ಮವರಲ್ಲಿ ಕೇಳಿ ಮುಗಿಸಿ, ಮಾರನೆಯ ದಿನ ಗಿರಾಕಿಗಳ ಮನೆಗೂ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು, ಜಗುಲಿಯಲ್ಲಿ ಕೈಮುಗಿದು ನಿಲ್ಲುತ್ತಿದ್ದರು.

"ಗೌಡ್ರೆ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ಬೇಕು."

"ಏನ್ ತಪ್ಪು ಮಾಡಿದ್ರಿ ಈ ವರ್ಷ?"

"ಗೊತ್ತಿದ್ದು ಮಾಡಿಲ್ಲ. ಗೊತ್ತಿಲ್ದೆ ಮಾಡಿರೋದು ಇರುತ್ತಲ್ಲ."

"ಓಗ್ಲಿ ಬಿಡಿ, ಕ್ಷಮಿಸಿವ್ನಿ" ಎಂದು ನಾನು ರಾಜನ ಹಾಗೆ ಕೈಯೆತ್ತುತ್ತಿದ್ದೆ. ನಗುತ್ತಿದ್ದೆವು. ಆಮೇಲೂ ಅವರು ಸ್ವಲ್ಪ ಹೊತ್ತು ಕೈ ಇಳಿಸದೆ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಆ ಬೇಸಿಗೆ ಬಂತು. ಹೊಳೆನರಸೀಪುರದಲ್ಲಿ ನನ್ನ ನಾದಿನಿಯ ಮಗಳ ಮದುವೆ. ಹೆಂಡತಿ ಮೊದಲೇ ಹೋಗಿದ್ದಳು. ಮದುವೆಗೆ ಹೋಗಿ ನಾನು ಅಂದೇ ಹಿಂದಿರುಗಿದ್ದೆ. ಮಾರನೆಯ ದಿನ ಬೀಗರೂಟ. ನಮ್ಮಲ್ಲಿ ಮದುವೆಗಾದರೂ ತಪ್ಪಿಸಬಹುದು, ಬೀಗರೂಟಕ್ಕೆ ತಪ್ಪಿಸಿದರೆ ನೆಂಟರು ಜನ್ಮವಿಡೀ ಆಡಿಕೊಳ್ಳುತ್ತಾರೆ. ಶೆಡ್ಡಿನ ಕೆಲಸದ ಆಳುಗಳು ಊರಿಗೆ ಹೋಗಿದ್ದರು. ಹೆಂಡತಿ ಬೆಳಿಗ್ಗೆಯೇ ಫೋನ್ ಮಾಡಿದಳು.

"ನೀವು ಬರ್ಬ್ಯಾಡಿ. ಬಿಸ್ಲು ಎಂಗದೆ ನೋಡಿ. ಕೋಳಿ ನೋಡ್ಕಳಿ. ಇಲ್ಲಿ ನಾನೇ ಏನಾದ್ರೂ ಏಳ್ಕತೀನಿ."

ನಾನು ಆಗಲಿ ಎಂದೆ. ಹನ್ನೆರಡು ಹೊಡೆಯುವ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ನೆಂಟರ ಮಾತಿಗೆ ಹೆದರಿದೆ ಎಂದು ಹೇಳಿಕೊಳ್ಳಬಹುದು. ಅಷ್ಟೇ ಅಲ್ಲ, ಬಾಡೂಟದ ಆಸೆಯೂ ಇತ್ತು. ಸಂಜೆಯ ಮೇವಿನ ಹೊತ್ತಿಗೆ ಹಿಂದಿರುಗಲು ಆಗುವುದಿಲ್ಲವೆಂದು ಆಗಲೇ ತೊಟ್ಟಿಗಳಿಗೆಲ್ಲ ಮೇವು ಸುರಿದೆ. ಒಂದು ದಿನಕ್ಕೆ ಏನಾದೀತು ಎಂದುಕೊಂಡೆ. ಬೆಳಗಿನ ಮೇವು ಮುಗಿಸಿ ಖಾಲಿ ತೊಟ್ಟಿ ನೋಡುತ್ತಿದ್ದ ಕೋಳಿಗಳು ಮುಗಿಬಿದ್ದು ತಿಂದವು. ಗೇಟಿಗೆ ಬೀಗ ಹಾಕಿಕೊಂಡು ಬಸ್ಸು ಹತ್ತಿದೆ.

ಹೊತ್ತು ಮುಳುಗುವಾಗ ಬಂದೆ. ದೂರದಿಂದಲೇ ಗೊತ್ತಾಯಿತು, ಶೆಡ್ಡು ಸುಮ್ಮನಿತ್ತು. ಕೋಳಿ ಶೆಡ್ಡು ಯಾವತ್ತೂ ಸುಮ್ಮನಿರುವುದಿಲ್ಲ. ಒಳಗೆ ಸಾಲಿಗೆ ಸಾಲು ಗೂಡಿನಿಂದ ಕತ್ತು ಹೊರಗೆ ಚೆಲ್ಲಿ ಸತ್ತಿದ್ದವು. ಉಳಿದವು ಸತ್ತವುಗಳ ಮೇಲೆ ಒರಗಿ ಬಾಯಿ ಬಿಡುತ್ತಿದ್ದವು. ನಾನು ಮೊದಲು ಮಾಡಿದ್ದು ಬದುಕಿದ್ದವುಗಳಿಗೆ ನೀರು ಚಿಮುಕಿಸುವುದಲ್ಲ. ತೊಟ್ಟಿಯಲ್ಲಿ ಉಳಿದಿದ್ದ ಮೇವನ್ನು ಬಾಚಿ ತೆಗೆದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಹೆಂಡತಿಗೆ ಫೋನ್ ಮಾಡಿ, ಬೀಗರೂಟದಿಂದ ಬಂದು ನೋಡಿದರೆ ಹೀಗಾಗಿದೆ ಎಂದೆ. ಅವಳು ಅಳುತ್ತ, "ಮೇವು?" ಎಂದಳು. "ಬೆಳಿಗ್ಗೇನೇ ಆಕಿದ್ದು" ಎಂದೆ. ಸುಳ್ಳು ಹುಟ್ಟಿದ್ದು ಅಲ್ಲಿ, ನನ್ನ ಹೆಂಡತಿಗೆ ಹೆದರಿ. ಅವಳೊಬ್ಬಳ ಮುಂದೆ ಮರ್ಯಾದೆ ಉಳಿದರೆ ಸಾಕಾಗಿತ್ತು.

ಮಾರನೆಯ ದಿನ ಸಾವ್ಕಾರ್ರು ಸುದ್ದಿ ಕೇಳಿ ಬರುವಷ್ಟರಲ್ಲಿ ಸತ್ತವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮುಚ್ಚಿಸಿದ್ದೆ. ಅವರು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಕೇಳಿದರು.

"ಗರಿ ಜಾರಿತ್ತಾ?"

"ಇಲ್ಲ."

"ನೀರು ಬಿಸಿಯಾಗಿತ್ತಾ?"

"ಇಲ್ಲ."

"ಮಧ್ಯಾಹ್ನ ಮೇವು ಏನಾದ್ರೂ ಬಿದ್ದಿತ್ತಾ ಗೌಡ್ರೆ?"

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲ" ಎಂದೆ.

ಅವರು ತಲೆಯಾಡಿಸಿದರು. ನನ್ನ ಮಾತನ್ನು ಅನುಮಾನಿಸುವ ಅಭ್ಯಾಸವೇ ಅವರಿಗಿರಲಿಲ್ಲ. "ಹಂಗಾದ್ರೆ ಪುಡಿಯೇ" ಎಂದು ತಮಗೆ ತಾವೇ ಹೇಳಿಕೊಂಡರು. "ನೆಲ್ಲಿಚಟ್ಟಿಗೆ ಏನಾದ್ರೂ ಬೂಷ್ಟು ಹಿಡಿದಿತ್ತೋ ಏನೋ. ನನ್ನ ಕೈಯಿಂದಾನೇ ಆಯ್ತು."

ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿದ್ದು ಬಿಟ್ಟಿದ್ದರೂ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಹೋಟೆಲಿನಲ್ಲಿ ಸಿಮೆಂಟಿನವನು "ಏನಾಯ್ತು ಗೌಡ್ರೆ?" ಎಂದಾಗ, "ಸಾವ್ಕಾರ್ರು ಕೊಟ್ಟ ಪುಡಿ ಕಣಪ್ಪ" ಎಂದೆ. ಅಲ್ಲಿಂದ ಮಾತು ನನ್ನ ಕೈ ಬಿಟ್ಟು ಹೋಯಿತು.

ಅಂಥ ಆರೋಪ ನಮ್ಮಂಥವರ ಮೇಲೆ ಬಂದರೆ ವ್ಯಾಪಾರ ಕೆಡುತ್ತದೆ, ಅಷ್ಟೆ. ನಡೆಯುವಾಗ ಇರುವೆ ಕಂಡರೆ ಕಾಲು ಸರಿಸಿ ಇಡುವ ಮನುಷ್ಯನಿಗೆ ಅದು ಏನೆಂದು ನನಗೆ ಆಗ ತಿಳಿಯಲಿಲ್ಲ. ಅವರು ಕೋಳಿಯ ಸಾಮಾನು ಮಾರುವುದನ್ನೇ ಬಿಟ್ಟರು. ಬಿಡುವ ಮೊದಲು ಪುಡಿ ಒಯ್ದಿದ್ದ ಪ್ರತಿಯೊಂದು ಫಾರಮ್ಮಿಗೂ ಬಸ್ಸಿನಲ್ಲಿ ಹೋಗಿ, "ಹಾಕ್ಬೇಡಿ, ಜೀವ ಹೋಗುತ್ತೆ" ಎಂದು ಹೇಳಿ ಉಳಿದ ಪೊಟ್ಟಣಗಳನ್ನು ವಾಪಸು ತಂದರು. ಆವತ್ತಿನಿಂದ ಒಪ್ಪೊತ್ತು ಊಟ. ಇದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ, ಅವರ ಮಗಳ ಬಾಯಿಂದ.

ಗಣಪತಿ ಹಬ್ಬ ಕಳೆಯಿತು. ಅವರು ಬರಲಾರರು ಎಂದುಕೊಂಡೆ. ಬಂದರು. ಜಗುಲಿಯಲ್ಲಿ ಕೈಮುಗಿದರು.

"ಗೌಡ್ರೆ, ಈ ಸಲ ತಪ್ಪು ಯಾವ್ದು ಅಂತ ಗೊತ್ತಿದೆ. ಆ ಕೋಳಿಗಳ ವಿಷಯ. ಕ್ಷಮಿಸ್ಬೇಕು."

ನಾನು ಕ್ಷಮಿಸಿದೆ. "ಆಗಿದ್ದಾಯ್ತು ಬಿಡಿ ಸಾವ್ಕಾರ್ರೆ" ಎಂದು ಅವರ ಹೆಗಲು ತಟ್ಟಿದೆ. ಈ ಕೈಯಿಂದಲೇ. ಅವರು ಶೆಡ್ಡಿನ ಕಡೆ ತಿರುಗಿ ಅಲ್ಲಿಗೂ ಕೈಮುಗಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕೋಳಿಗಳಿಗೆ ಮುಖ ತೋರಿಸಲಾರೆ ಎಂದರು.

ಆಮೇಲೆ ಪ್ರತಿ ವರ್ಷವೂ ಬಂದರು. ವ್ಯಾಪಾರವಿರಲಿಲ್ಲ, ಬೇರೆ ಕೆಲಸವಿರಲಿಲ್ಲ. ಚನ್ನರಾಯಪಟ್ಟಣದಿಂದ ಹಿರೀಸಾವೆಗೆ ಬಸ್ಸು, ಅಲ್ಲಿಂದ ನಮ್ಮ ತೋಟದವರೆಗೆ ನಡಿಗೆ, ಅದೊಂದು ಮಾತಿಗಾಗಿ. ಮಂಡಿ ನೋವಿನಿಂದ ಕೋಲು ಹಿಡಿದು ಬಂದ ವರ್ಷವೂ ನಾನು ಕ್ಷಮಿಸಿ ಕಳಿಸಿದೆ. ನನ್ನ ಹೆಂಡತಿ ಅವರಿಗೆ ಎಳನೀರು ಕೊಟ್ಟು, "ಎಷ್ಟು ಸಲ ಕೇಳ್ತೀರಣ್ಣ, ನಾವು ಮರೆತೇ ಬಿಟ್ಟಿದೀವಿ" ಎನ್ನುತ್ತಿದ್ದಳು. ಅವಳೂ ಹಾಗೆಯೇ ನಂಬಿ ತೀರಿಕೊಂಡಳು. ಅವಳು ಹೋದ ಮೇಲೆ ಆ ಸುಳ್ಳಿಗೆ ಕಾರಣವೇ ಉಳಿದಿರಲಿಲ್ಲ. ಆದರೂ ಮುಂದಿನ ವರ್ಷ ಅವರು ಬಂದಾಗ, ಬಾಯಿಗೆ ರೂಢಿಯಾಗಿದ್ದ ಮಾತೇ ಬಂತು, "ಆಯ್ತು ಬಿಡಿ."

ಕಳೆದ ವರ್ಷ ಅವರು ಬರಲಿಲ್ಲ. ಮಗಳು ಫೋನ್ ಮಾಡಿದಳು.

"ಅಪ್ಪನ್ನ ಹಾಸನದ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದೀವಿ. ಮೆಟ್ಲು ಇಳಿಯೋ ಹಾಗಿಲ್ಲ. ಹಿರೀಸಾವೆ ಗೌಡ್ರಿಗೆ ಫೋನ್ ಮಾಡು ಅಂತ ಒಂದೇ ಹಠ. ಫೋನಲ್ಲೇ ಕ್ಷಮೆ ಕೇಳ್ತಾರಂತೆ, ಕೊಡ್ತೀನಿ ಇರಿ."

"ಕೊಡ್ಬ್ಯಾಡ ಕಣವ್ವ. ನಾನೇ ಬತ್ತೀನಿ" ಎಂದೆ.

ಮನೆಗೆ ಹೋದಾಗ ಮಗಳು ಬಾಗಿಲಲ್ಲೇ ಹೇಳಿದಳು, "ಇವತ್ತು ನೀವೇ ಬಂದ್ರಲ್ಲ, ಅಪ್ಪಂಗೆ ಸಮಾಧಾನ ಆಗುತ್ತೆ. ನಮ್ಮಲ್ಲಿ ನಾವು ಕ್ಷಮೆ ಕೇಳಿದ ಮೇಲೆ ಎದುರಿನೋರೂ ಕ್ಷಮೆ ಕೇಳ್ತಾರೆ. ಆಗಲೇ ಅದು ಪೂರ್ತಿಯಾಗೋದು. ಅದು ಬೇರೆಯವ್ರಿಗೆ ಗೊತ್ತಿರಲ್ಲ ಅಂತ ಅಪ್ಪ ನಗೋರು." ಅವರು ಕೈ ಇಳಿಸದೆ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದುದು ಯಾಕೆಂದು ಆಗ ತಿಳಿಯಿತು. ವರ್ಷಕ್ಕೊಂದು ಸಲ ಅವರು ನನಗೆ ಜಾಗ ಬಿಟ್ಟುಕೊಟ್ಟಿದ್ದರು.

ಮಂಚದ ಮೇಲೆ ಎಲುಬು ಮಾತ್ರ ಉಳಿದಿತ್ತು. ನನ್ನನ್ನು ಕಂಡೊಡನೆ ಕೈ ಜೋಡಿಸಲು ನೋಡಿದರು. ನಾನು ಆ ಕೈಗಳನ್ನು ಹಿಡಿದುಕೊಂಡೆ.

"ಬ್ಯಾಡಿ ಸಾವ್ಕಾರ್ರೆ. ನಾನ್ ಏಳೋದ್ನ ಮೊದ್ಲು ಕೇಳಿ. ಆವತ್ತು ಮದ್ಯಾನ ಮೇವು ಆಕಿದ್ದೆ. ತೊಟ್ಟಿ ತುಂಬ ಆಕಿ, ಬೀಗ ಆಕ್ಕಂಡು ಬೀಗರೂಟಕ್ಕೋದೆ."

ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಇನ್ನೊಮ್ಮೆ ಹೇಳಲು ಬಾಯಿ ತೆರೆದಾಗ ಅವರು ಕೇಳಿದರು.

"ಪುಡಿ?"

"ಪುಡಿ ಏನೂ ಮಾಡ್ನಿಲ್ಲ. ಅದು ಒಳ್ಳೇದೇ ಇತ್ತು."

ಅವರ ಮುಖ ಒಂದು ಗಳಿಗೆ ಬಿಚ್ಚಿಕೊಂಡಿತು. ತಲೆಯ ಹೊರೆ ಇಳಿಸಿದ ಆಳಿನ ಮುಖ ಹಾಗಿರುತ್ತದೆ. ಆ ಒಂದು ಗಳಿಗೆಯನ್ನು ನೋಡಿದ್ದೇನೆ ಎಂಬುದಷ್ಟೇ ನನಗೆ ಉಳಿದಿರುವುದು. ಮರುಕ್ಷಣ ಹಿಂದಿನದಕ್ಕಿಂತ ದೊಡ್ಡ ದುಃಖ ಅಲ್ಲಿ ಬಂದು ಕೂತಿತು.

"ಹಂಗಾದ್ರೆ ಹೊಳೆನರಸೀಪುರದೋರು? ಅರಕಲಗೂಡಿನೋರು? ನಾನೇ ಹೋಗಿ ಬೇಡ ಅಂದ್ನಲ್ಲ ಗೌಡ್ರೆ. ಒಳ್ಳೇ ಪುಡೀನ ಕಿತ್ಕೊಂಡು ಬಂದ್ನಲ್ಲ. ಆಮೇಲೆ ಎಷ್ಟು ಬೇಸಿಗೆ ಹೋಯ್ತು. ಆ ಕೋಳಿಗಳೆಲ್ಲ ಎಷ್ಟು ಸಂಕಟಪಟ್ಟಿರ್ತವೆ."

ಅವರು ಅತ್ತರು. ತಮಗಾಗಿ ಅಲ್ಲ. ನಾನು ಕ್ಷಮಿಸಿ ಎಂದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ಮೇಲೆ ಸಿಟ್ಟಾಗಬೇಕೆಂಬುದೂ, ನನ್ನನ್ನು ಕ್ಷಮಿಸಬೇಕೆಂಬುದೂ ಅವರಿಗೆ ನೆನಪಾಗಲೇ ಇಲ್ಲ. ಕಣ್ಣೊರೆಸಿಕೊಂಡು ಇಷ್ಟು ಕೇಳಿದರು. "ಹೋಗಿ ಹೇಳ್ತೀರಾ ಅವರಿಗೆ? ಹಾಕ್ಬೋದು ಅಂತ?"

"ಏಳ್ತೀನಿ."

"ಬೇಸಿಗೆ ಬರೋದ್ರೊಳಗೆ."

ಬೇಸಿಗೆಗೆ ಇನ್ನೂ ಬಹಳ ದಿನವಿತ್ತು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಂಡೆ. ಹೋಗಿ ಏನೆಂದು ಹೇಳುವುದು ಎಂಬ ನಾಚಿಕೆಯೂ ಇತ್ತು. ದೀಪಾವಳಿಗೆ ಮುಂಚೆಯೇ ಅವರು ತೀರಿಕೊಂಡರು.

ಆಮೇಲೆ ಹೊರಟೆ. ಹೊಳೆನರಸೀಪುರದ ಫಾರಂ ಇರಲಿಲ್ಲ. ಆ ಜಾಗದಲ್ಲಿ ಸಿಮೆಂಟಿನ ಇಟ್ಟಿಗೆ ಮಾಡುತ್ತಿದ್ದರು. ಅಲ್ಲಿಂದ ಅರಕಲಗೂಡಿಗೆ ಹೋಗಿ, ರುದ್ರಪಟ್ಟಣದ ದಾರಿಯಲ್ಲಿ ವಿಚಾರಿಸುತ್ತ ನಡೆದೆ. ಒಂದು ಶೆಡ್ಡಿನ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ಮೊಟ್ಟೆಗಳನ್ನು ಟ್ರೇಗೆ ಜೋಡಿಸುತ್ತಿದ್ದಳು. ಫಾರಂ ಅವಳದೇ. ಚನ್ನರಾಯಪಟ್ಟಣದ ಹಿಂಡಿ ಅಂಗಡಿಯ ಸಾವ್ಕಾರ್ರು ಎಂದೊಡನೆ ಗುರುತು ಹಿಡಿದಳು.

"ಬಿಸ್ನೀರು ಬಾಟ್ಲೀಲಿ ತರೋರಲ್ವಾ? ಅಯ್ಯೋ, ಎಂಥಾ ಮನ್ಸ. ಒಂದ್ಸಲ ಬಂದು ಕೈಮುಗಿದು, ಇದನ್ನ ಆಕ್ಬ್ಯಾಡಮ್ಮ ಅಂತ ಪೊಟ್ಣನೆಲ್ಲ ಎತ್ಕಂಡೋದ್ರು."

"ಅದಕ್ಕೇ ಬಂದಿದ್ದು ಕಣವ್ವ. ಆ ಪುಡಿಗೆ ಏನೂ ದೋಷ ಇರ್ನಿಲ್ಲ. ಆಕ್ಬೋದು ಅಂತ ಏಳಿ ಬಾ ಅಂದಿದ್ರು."

ಅವಳು ಜೋರಾಗಿ ನಕ್ಕಳು.

"ನಾನು ಬಿಟ್ಟಿದ್ರೆ ತಾನೆ ಯಜಮಾನ್ರೆ! ಕೋಳಿ ಚೆನ್ನಾಗಿರೋದು ಕಣ್ಣಿಗೆ ಕಾಣ್ತಿತ್ತು. ಅವ್ರು ಅತ್ಲಾಗೆ ಓದ್ರು, ನಾನು ಇತ್ಲಾಗೆ ಹಾಸ್ನದಿಂದ ಅದೇ ವಿಟಮಿನ್ ತರಿಸ್ದೆ. ನೆಲ್ಲಿಚಟ್ಟು ನಾನೇ ಒಣಗಿಸ್ಕಂಡೆ. ಒಂದು ಬ್ಯಾಸ್ಗೇನೂ ತಪ್ಪಿಸಿಲ್ಲ. ಈ ಸುತ್ತಿನ ಫಾರಮ್ನೋರಿಗೆಲ್ಲ ನಾನೇ ಏಳ್ಕೊಟ್ಟಿದೀನಿ."

"ಅವ್ರಿಗೆ ಒಂದ್ ಮಾತು ಏಳ್ಬಾರ್ದಾಗಿತ್ತಾ?"

"ಏಳ್ಬೇಕು ಅನ್ನುಸ್ತು. ಆ ಮುಖ ನೋಡಿ ಆಗ್ನಿಲ್ಲ. ಮಾತು ಮೀರಿ ಆಕ್ತಾವ್ಳೆ ಅಂತ ನೊಂದ್ಕತರೆ ಅನ್ಕಂಡೆ. ಈಗ ಅವ್ರೇ ಆಕ್ಬೋದು ಅಂದವ್ರಲ್ಲ, ಬುಡಿ. ನೀವೇ ಓಗಿ ಏಳ್ಬುಡಿ, ಅವ್ರ ಪುಡಿ ತಿಂದ ಕೋಳಿ ಎಲ್ಲಾ ಚೆನ್ನಾಗವೆ ಅಂತ."

ಆಗಲಿ ಎಂಬ ಮಾತು ನಾಲಿಗೆಗೆ ಬಂತು. ಅದನ್ನು ನುಂಗಿದೆ.

"ಅವರು ತೀರ್ಕಂಡ್ರು ಕಣವ್ವ. ದೀಪಾವಳಿಗೆ ಮುಂಚೆ."

ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ಟ್ರೇಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೇವಿನ ಮೂಟೆಯ ಮೇಲೆ ಕೂತಳು.

"ಒಂದ್ ಫೋನ್ ಮಾಡಿದ್ರೆ ಆಗೋದು. ನಂದೇ ತಪ್ಪಾಯ್ತು" ಎಂದಳು.

"ನಿಂದೇನೂ ತಪ್ಪಿಲ್ಲ ಕಣವ್ವ" ಎಂದೆ. ತಪ್ಪು ಯಾರದೆಂದು, ಅವಳ ಎದುರು ನಿಂತು, ಮೊದಲಿನಿಂದ ಹೇಳತೊಡಗಿದೆ.